ಮಾಳಿಗೆ ಏರಿದ ಗುಲಾಬಿ

ಹೊಳೆದಂಡೆಯ ಮಠದಲ್ಲಿ ನಿರುಪಾದಯ್ಯ ಎಂಬ ಮುದಿ ಗುರು ಹಾಸಿಗೆ ಹಿಡಿದಿದ್ದರು. ಮಂಚ ಕಿಟಕಿಯ ಬಳಿ ಇತ್ತು. ಅವರ ಪಾಲಿಗೆ ಉಳಿದ ಲೋಕವೆಂದರೆ ಆ ಕಿಟಕಿಯಷ್ಟೇ.

ಕಿಟಕಿಯ ಹೊರಗೆ ಒಂದು ಹಬ್ಬುವ ಗುಲಾಬಿ. ಓಡಾಡುವ ಶಕ್ತಿ ಇದ್ದಾಗ ಗುರುಗಳೇ ನೆಟ್ಟದ್ದು. ಇನ್ನೂ ಹೂ ಬಿಟ್ಟಿರಲಿಲ್ಲ. ಸಾಯುವ ಮೊದಲು ಅದು ಗಿಡದ ಮೇಲೆ ಅರಳಿದ್ದನ್ನು ಒಮ್ಮೆ ನೋಡಬೇಕು, ಅದೊಂದೇ ಆಸೆ ಅವರಿಗೆ.

ಗಿಡದ ಆರೈಕೆ ಶಿಷ್ಯ ಕರಿಬಸವನದು. ಕೊಂಬೆ ಇನ್ನೂ ಎಳೆಯದಾಗಿದ್ದಾಗಲೇ ಗುರುಗಳು ಹೇಳಿದ್ದರು.

"ತಮ್ಮಾ, ಇದನ್ನ ಮ್ಯಾಲೆ ಹತ್ತಿಸಬ್ಯಾಡ. ಕಿಡಕಿ ಗುಂಟ ಅಡ್ಡ ಬಾಗಿಸಿ ಕಟ್ಟು."

ಕರಿಬಸವ ಗುರುವಿನ ಮಾತು ಕೇಳುವವನೇ. ಆದರೆ ತನಗೆ ಸರಿ ಕಂಡಷ್ಟು. ಮೇಲೇರುವುದನ್ನು ಬಾಗಿಸುವುದು ಪಾಪ ಎನಿಸಿತು ಅವನಿಗೆ. ಗಳ ನೆಟ್ಟು, ಕೊಂಬೆಗಳನ್ನು ನೆಟ್ಟಗೆ ನಿಲ್ಲಿಸಿ, ಹಗ್ಗದಿಂದ ಬಿಗಿದ. ಗಿಡ ಮಾಳಿಗೆ ಏರಿತು. ಬಂದವರು "ಭಲೇ!" ಎಂದರು. ಅದೂ ಅವನಿಗೆ ಹಿತವಾಗಿತ್ತು, ಸುಳ್ಳೇಕೆ ಹೇಳಬೇಕು?

ಒಂದು ಬೆಳಿಗ್ಗೆ ಗುರುಗಳು ಅವನನ್ನು ಕರೆದರು.

"ತಮ್ಮಾ, ಹೊಳಿ ಆಚೆ ಊರಿನವರು ಬಂದಿದ್ರು. ನಿಮ್ಮ ಮಠದ ಗುಲಾಬಿ ಏನ್ ಚಂದ ಅರಳ್ಯಾವ್ರೀ ಅಂದ್ರು. ಹೌದೇನು?"

"ಹೌದ್ರೀ ಅಜ್ಜಾರ. ಮಾಳಿಗಿ ಮ್ಯಾಲೆ ತುಂಬಿ ಬಿಟ್ಟಾವ."

"ನನಗ ಬರೇ ಮುಳ್ಳು ಕಾಣ್ತಾವಲ್ಲೋ."

ಕರಿಬಸವ ದಿಂಬಿನ ಪಕ್ಕಕ್ಕೆ ಬಗ್ಗಿ, ಅಲ್ಲಿಂದ ನೋಡಿದ. ಕಿಟಕಿಯ ತುಂಬ ಬೋಳು ಕೊಂಬೆ. ಒಂದು ಮೊಗ್ಗೂ ಇಲ್ಲ.

ಓಡಿಹೋಗಿ ಮಾಳಿಗೆ ಹತ್ತಿದ. ಒಂದು ಬೊಗಸೆ ಹೂ ಕಿತ್ತು ತಂದು ಮಂಚದ ಮೇಲಿಟ್ಟ.

"ಕಿತ್ತ ಹೂವು ನನ್ನ ಮ್ಯಾಲೆ ಇಡಾಕ ಇನ್ನೂ ನಾಕು ದಿನ ಐತಿ," ಎಂದರು ಗುರುಗಳು. "ಅವಸರ ಮಾಡಬ್ಯಾಡ."

ಕರಿಬಸವ ತಲೆ ತಗ್ಗಿಸಿ ಹೊರಗೆ ಹೋದ. ಕಟ್ಟು ಬಿಚ್ಚಿದ. ಹಗ್ಗ ಬಿಗಿದಲ್ಲೆಲ್ಲ ತೊಗಟೆಯಲ್ಲಿ ಗುಳಿ ಬಿದ್ದಿತ್ತು. ಹೂ ಹೊತ್ತ ಕೊಂಬೆಯನ್ನು ಹಿಡಿದು ಕಿಟಕಿಯತ್ತ ಬಾಗಿಸತೊಡಗಿದ. ಮೆಲ್ಲಗೇ ಬಾಗಿಸಿದ. ಆದರೆ ಅದೂ ಉಳಿದವುಗಳಂತೆ ಆಗಲೇ ಬಲಿತು ಕಟ್ಟಿಗೆಯಾಗಿತ್ತು.

ಚಟ್ ಎಂದಿತು.

"ಏನದು ಸಪ್ಪಳ?" ಒಳಗಿನಿಂದ ಗುರುಗಳು ಕೇಳಿದರು.

ಶಿಷ್ಯ ಒಳಗೆ ಬಂದು ನಿಂತ. ಕೈಯೆಲ್ಲ ಮುಳ್ಳು ತರಚಿ ರಕ್ತ.

"ಮುರೀತ್ರೀ ಅಜ್ಜಾರ. ನಿಮ್ಮದೊಂದ ಆಸೆ ಇತ್ತು. ಅದನ್ನೂ ನಾನ ಮುರದೆ." ಅವನು ಗಳಗಳನೆ ಅತ್ತ.

ಗುರುಗಳಿಗೂ ಸಂಕಟವಾಗಿತ್ತು. ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಆಮೇಲೆ ಕೇಳಿದರು.

"ಬುಡದಾಗ ಹೊಸಾ ಚಿಗುರು ಏನರ ಐತೇನು?"

ಕರಿಬಸವ ಹೋಗಿ ನೋಡಿ ಬಂದ.

"ಒಂದ ಐತ್ರೀ. ಕೆಂಪಗ, ಎಳೇದೈತಿ."

"ಹಂಗಾದ್ರ ಬಾಗತೈತಿ. ಕಿಡಕಿ ಗುಂಟ ಅಡ್ಡ ಕಟ್ಟು. ಬಾಳಿ ನಾರು ತಗೋ, ಸಡಲ ಕಟ್ಟು. ಅಡ್ಡ ಮಲಗಿದ ಕೊಂಬಿಗೆ ಗೆಣ್ಣ ಗೆಣ್ಣಿಗೂ ಹೂವು."

"ಅದು ಹೂ ಬಿಡೂದು ಬರೂ ವರ್ಷ್ರೀ ಅಜ್ಜಾರ."

"ಹೂಂ."

"ಆವಾಗ ನೀವು... ನೋಡೋರ ಇಲ್ಲದ ಮ್ಯಾಲೆ ಯಾರ ಸಲುವಾಗಿ ಕಟ್ಟಲ್ರೀ?"

ನಿರುಪಾದಯ್ಯ ಮಂಚದ ಪಟ್ಟಿಯ ಮೇಲೆ ಕೈಯಾಡಿಸಿದರು. ಎಷ್ಟೋ ಕೈ ತಾಗಿ ಅದು ನುಣುಪಾಗಿತ್ತು.

"ಈ ಮಂಚದ ಮ್ಯಾಲೆ ನಮ್ಮ ಗುರುಗಳು ಮಲಗಿದ್ರು. ಈಗ ನಾ ಮಲಗೇನಿ. ಮುಂದ ಮಲಗಾಂವ ನೀನ. ಹೋಗು, ಕಟ್ಟು."