ಇನ್ನೊಂದು ಹರಿಗೋಲು

"ಗುರುಗಳೇ, ಎರಡು ರೌಟರ್ ಇಟ್ಟುಕೊಂಡು ಒಂದನ್ನು ಸುಮ್ಮನೆ ಕೂರಿಸುವುದು ದಂಡವಲ್ಲವೇ?" ಎಂದು ಶಿಷ್ಯ ಕೇಳಿದ.

ಈ ಶಿಷ್ಯ ಒಂದು ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ. ಅಲ್ಲಿಯ ಕಂಪ್ಯೂಟರ್‌ಗಳೆಲ್ಲ ಹೊರಗೆ ಹೋಗಲು ಒಂದೇ ಬಾಗಿಲು. ಆ ಬಾಗಿಲು ಕಾಯಲು ಎರಡು ರೌಟರ್. ಒಂದು ಕೆಟ್ಟರೆ ಇನ್ನೊಂದು ಕೆಲಸಕ್ಕೆ ನಿಲ್ಲಬೇಕೆಂದು ಗುರುಗಳೇ ಕಲಿಸಿದ್ದರು. ಶಿಷ್ಯ ಎರಡಕ್ಕೂ ಕೆಲಸ ಹಂಚಿದ್ದ. ಜಾಗ ಸಿಕ್ಕಿತೆಂದು ಹೊಸ ವಾರ್ಡುಗಳನ್ನೂ ಸೇರಿಸಿದ್ದ. ಈಗ ಎರಡೂ ಕಂಠಮಟ್ಟ ತುಂಬಿ ಓಡುತ್ತಿದ್ದವು. ಅದನ್ನು ಹೇಳಿ ಶಭಾಸ್ ಅನ್ನಿಸಿಕೊಳ್ಳಲು ಬಂದಿದ್ದ.

ಗುರುಗಳು ಹಣೆ ಚಚ್ಚಿಕೊಂಡರು. "ನಿನಗೆ ಪಾಠ ಹೇಳಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆಗರೆದಂತಾಯಿತು. ಕತೆಯನ್ನಾದರೂ ಕೇಳು" ಎಂದರು.

ಒಂದು ಹೊಳೆ. ಹೊಳೆಯ ಮಧ್ಯೆ ಒಂದು ನಡುಗಡ್ಡೆ. ಬೇಸಿಗೆಯಲ್ಲಿ ಊರವರು ಅಲ್ಲಿಯ ಮರಳಿನಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದರು. ಬೆಳಗ್ಗೆ ಹರಿಗೋಲಿನಲ್ಲಿ ಹೋಗುವುದು, ಸಂಜೆ ಹರಿಗೋಲಿನಲ್ಲಿ ಬರುವುದು. ಮೇಲೆಲ್ಲೋ ಮಳೆ ಬಿದ್ದರೆ ಹೊಳೆ ಹೇಳದೆ ಕೇಳದೆ ಏರುತ್ತಿತ್ತು. ಆಗ ಒಂದೇ ಸಲಕ್ಕೆ ಎಲ್ಲರನ್ನೂ ದಡಕ್ಕೆ ತರಬೇಕು. ಎರಡನೆಯ ಸಲಕ್ಕೆ ಹೊಳೆ ಬಿಡುವುದಿಲ್ಲ.

ಅದಕ್ಕೇ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಅಂಬಿಗರು ಇಬ್ಬರು, ಹರಿಗೋಲು ಎರಡು. ಆದರೆ ನಡುಗಡ್ಡೆಗೆ ಹೋಗುವ ಜನ ಒಂದು ಹರಿಗೋಲು ಹಿಡಿಯುವಷ್ಟೇ. ತನ್ನ ಹರಿಗೋಲು ನೆಟ್ಟಗಿರುವವರೆಗೆ ಮೊದಲ ಅಂಬಿಗ ಆಗಾಗ ಕೊಂಬು ಊದುತ್ತಿರಬೇಕು. ಎರಡನೆಯವನು ದಡದ ಮರದಡಿ ಕೂತು ಕೇಳುತ್ತಿರಬೇಕು. ಕೊಂಬು ನಿಂತರೆ ಇವನು ಹೊರಡಬೇಕು. ಜನಕ್ಕೆ ಯಾರು ಬಂದರೇನು? ಅವರು ಕೂಗುವುದು "ಅಂಬಿಗಾ" ಎಂದಷ್ಟೇ.

ಊರಿಗೊಬ್ಬ ಹೊಸ ಗೌಡನಾದ. ನಿನ್ನ ಹಾಗೆಯೇ ಬುದ್ಧಿವಂತ. ಮರದಡಿ ಕೂತವನನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು. ಏಳಯ್ಯಾ, ನೀನೂ ಜನರನ್ನು ಸಾಗಿಸು" ಎಂದ. ಅಂಬಿಗ ಎದ್ದ. ಅವನಿಗೂ ಕೂತು ಕೂತು ಸಾಕಾಗಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಆ ಗೌಡನಿಗೆ ನಾನೇ ಕೈಮುಗಿಯುತ್ತಿದ್ದೆ. ಇರುವ ಜನರೇ ಎರಡರಲ್ಲೂ ಅರ್ಧರ್ಧ ಕೂತರೆ ಅಂಬಿಗರಿಬ್ಬರಿಗೂ ಹಗುರ. ಒಂದು ಹೋದರೂ ಇನ್ನೊಂದು ಎಲ್ಲರನ್ನೂ ಹೊರುತ್ತದೆ. ಆದರೆ ಖಾಲಿ ಜಾಗ ಕಂಡರೆ ಬುದ್ಧಿವಂತರಿಗೆ ನಿದ್ದೆ ಬರುತ್ತದೆಯೇ? ಗೌಡ ಎರಡನ್ನೂ ತುಂಬಿಸಿದ. ನಡುಗಡ್ಡೆಯಲ್ಲಿ ಜನ ಎರಡರಷ್ಟಾದರು, ಹಣ್ಣೂ ಎರಡರಷ್ಟಾಯಿತು. "ಒಂದು ತೂತಾದರೆ ಏನು ಗತಿ, ಗೌಡ್ರೇ?" ಎಂದು ಮುದುಕಿಯೊಬ್ಬಳು ಕೇಳಿದಳು. "ಇನ್ನೊಂದಿದೆಯಲ್ಲ, ಅಜ್ಜಿ" ಎಂದು ಗೌಡ ನಕ್ಕ. ಆ ನಂಬಿಕೆಯ ಮೇಲೆ ತನ್ನ ಒಬ್ಬಳೇ ಮಗಳನ್ನೂ ಹಣ್ಣು ಕೀಳಲು ಕಳಿಸಿದ.

ಒಂದು ಮಧ್ಯಾಹ್ನ ಹೊಳೆ ಏರಿತು. ನಡುಗಡ್ಡೆಯಲ್ಲಿದ್ದ ಮೊದಲ ಹರಿಗೋಲು ಕಲ್ಲಿಗೆ ಬಡಿದು ಅದರ ತೊಗಲು ಸೀಳಿತು. ಕೊಂಬು ನಿಂತಿತು. ದಡದಲ್ಲಿದ್ದ ಎರಡನೆಯವನು ಅದನ್ನು ಗಮನಿಸಿದ. ತಡಮಾಡದೆ ಹೋದ, ಹರಿಗೋಲು ಹಿಡಿಯುವಷ್ಟು ಜನರನ್ನು ಹತ್ತಿಸಿಕೊಂಡು ಬಂದ. ಪಾಪ, ಅವನ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಗೌಡ ಓಡಿ ಬಂದು ಇಳಿದವರ ಮುಖಗಳನ್ನೆಲ್ಲ ನೋಡಿದ. ಮಗಳು ಇರಲಿಲ್ಲ.

"ಇನ್ನೊಂದು ಹರಿಗೋಲು ಎಲ್ಲಯ್ಯಾ? ಬೇಗ ಕಳಿಸಯ್ಯಾ ಅದನ್ನ!" ಎಂದು ಅರಚಿದ.

"ಇದೇ ಗೌಡ್ರೇ, ಆ ಇನ್ನೊಂದು" ಎಂದ ಅಂಬಿಗ.

ಹೇಳುತ್ತಲೇ ಹರಿಗೋಲು ತಿರುಗಿಸಿದ. ಅವನು ಹೊಳೆಯ ಅರ್ಧ ದಾಟುವಷ್ಟರಲ್ಲಿ ನಡುಗಡ್ಡೆ ನೀರಿನೊಳಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಾನು ಕೊನೆಗೆ ಸೇರಿಸಿದ ಹೆರಿಗೆ ವಾರ್ಡು ನೆನಪಾಯಿತು. ಆದರೂ ಸೋಲೊಪ್ಪಲು ಮನಸ್ಸಾಗಲಿಲ್ಲ.

"ನಮ್ಮಲ್ಲಿ ಹಾಗಾಗುವುದಿಲ್ಲ ಗುರುಗಳೇ. ಒಂದು ಕೆಟ್ಟರೆ ಇನ್ನೊಂದು ಇದ್ದೇ ಇದೆ" ಎಂದ.

"ಯಾವ ಇನ್ನೊಂದು?" ಎಂದರು ಗುರುಗಳು.