ಹುಲಿಗೆವ್ವನ ಹೆಬ್ಬೆಟ್ಟು

ಮೂರು ತಿಂಗಳು ಹುಲಿಗೆವ್ವನಿಗೆ ಪಡಿತರ ಅಕ್ಕಿ ಕೊಡದೆ ಅನ್ಯಾಯ ಮಾಡಿದರು. ಸುಣ್ಣದ ಭಟ್ಟಿಯಲ್ಲಿ ದುಡಿದು ಅವಳ ಬೆರಳಿನ ಗೆರೆಗಳು ಸವೆದಿದ್ದವು. ಹೆಬ್ಬೆಟ್ಟು ಅವಳದಲ್ಲ ಎಂದಿತು ನ್ಯಾಯಬೆಲೆ ಅಂಗಡಿಯ ಯಂತ್ರ. ಮನೆಯಲ್ಲಿ ಒಂದು ಹೊತ್ತಿನ ನುಚ್ಚು ಮಾತ್ರ ಉಳಿದಿತ್ತು.

ಅವಳು ಕೊಟ್ಟ ದೂರಿನ ತನಿಖೆಗೆ ಅಂಗಡಿಗೆ ಬಂದ ಆಹಾರ ಇಲಾಖೆಯ ಸಾಹೇಬ ಕಾಗದ ಚಾಚಿದ. "ಅಕ್ಕಿ ಮುಟ್ಟೈತಿ ಅಂತ ಹೆಬ್ಬೆಟ್ಟು ಒತ್ತು. ಇಲ್ಲಂದ್ರ ಕಾರ್ಡ್ ರದ್ದು."

ಹುಲಿಗೆವ್ವ ಸವೆದ ಹೆಬ್ಬೆಟ್ಟನ್ನು ಎತ್ತಿ ಹಿಡಿದಳು. ಕೇಳಿದಳು, "ಸಾಹೇಬ್ರ, ಈ ಹೆಬ್ಬೆಟ್ಟು ನಂದೇ ಹೌದೇನ್ರಿ?"

"ಮತ್ತ್ಯಾರದು?"

"ಹಂಗಂತ ಬರದು ಸಹಿ ಮಾಡ್ರಿ, ಅಕ್ಕಿ ತಗೊಂಡು ಒತ್ತತೀನಿ. ಯಂತ್ರ ಹೇಳಿದಂಗ ನಂದಲ್ಲಂದ್ರ, ಮಂದಿ ಹೆಬ್ಬೆಟ್ಟು ನಾ ಹೆಂಗ ಒತ್ತಲ್ರಿ?"

ಅಕ್ಕಿಗೆಂದು ಸಾಲಿನಲ್ಲಿದ್ದ ಹೆಂಗಸರೆಲ್ಲ ತಮ್ಮ ಹೆಬ್ಬೆಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಸಾಹೇಬ ಬೆವರು ಒರೆಸಿಕೊಂಡು ಅಂಗಡಿಯವನಿಗೆ ಹೇಳಿದ, "ಮೂರು ತಿಂಗಳದ್ದೂ ತೂಗಿ ಕೊಡಪ್ಪ."

ಅಕ್ಕಿ ಕೈಗೆ ಬರುವ ತನಕ ನೀವೂ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ.