ತೂಬಿನ ಬಾಗಿಲಿನ ಹಿಡಿ

"ಗುರುಗಳೇ, ಕಿಲೋ ಬಳಸಿ, ಮೀಟರು ಬಳಸಿ ಎಂದು ಊರೂರಿನಲ್ಲಿ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿದೆ. ಜನ ಎದುರಿಗೆ ಹೂಂಗುಟ್ಟುತ್ತಾರೆ. ಮನೆಗೆ ಹೋಗಿ ಅಜ್ಜನ ಸೇರನ್ನೇ ಹಿಡಿಯುತ್ತಾರೆ. ಇವರಿಗೆ ಬುದ್ಧಿ ಬರುವುದು ಹೇಗೆ?"

ಹೀಗೆ ಕೇಳಿದವನು ಮರುಳಯ್ಯ, ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಮಧ್ಯಾಹ್ನದ ದಾಸೋಹಕ್ಕೆ ಹಳೆಯ ಕಾಲದ ಅಳತೆಪಾತ್ರೆ ಬಳ್ಳದಲ್ಲಿ ಎಂಟು ಬಳ್ಳ ಅಕ್ಕಿ ಅಳೆದುಕೊಟ್ಟು ಆಗಷ್ಟೇ ಬಂದು ಕೂತಿದ್ದ. ಗುರುಗಳು ಅವನನ್ನು ಒಮ್ಮೆ ನೋಡಿ ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಬಡಗಿ ಇದ್ದ. ಅವನ ಮನೆತನದಲ್ಲಿ ಒಂದು ಪದ್ಧತಿ. ಮಗ ಕಸುಬಿಗೆ ಕೈ ಹಾಕಿದ ದಿನ ಅಪ್ಪ ತನ್ನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಅಳೆದು ಒಂದು ಕೋಲು ಮಾಡಿ ಕೊಡಬೇಕು. ಅಲ್ಲಿಂದಾಚೆಗೆ ಮಗನಿಗೆ ಮೊಳವೆಂದರೆ ಅದೇ. ನಮ್ಮ ಬಡಗಿಗೆ ಆ ಕೋಲೆಂದರೆ ಜೀವ. ಅಪ್ಪ ಸತ್ತು ಇಪ್ಪತ್ತು ವರ್ಷವಾಗಿದ್ದರೂ ಕೋಲು ಹಿಡಿದಾಗಲೆಲ್ಲ ಅಪ್ಪನ ಕೈ ಹಿಡಿದ ಹಾಗೆ ಅನ್ನಿಸುತ್ತಿತ್ತು.

ಒಂದು ವರ್ಷ ಕೆರೆಯಿಂದ ಗದ್ದೆಗೆ ನೀರು ಬಿಡುವ ತೂಬಿನ ಬಾಗಿಲು ಕೊಳೆತುಹೋಯಿತು. ಪಕ್ಕದೂರಿನ ಕಲ್ಲುಕುಟಿಗ ತೂಬಿಗೆ ಹೊಸ ಕಲ್ಲು ಕೂರಿಸಿ, ಬಾಗಿಲು ಮೂರು ಮೊಳ ಎತ್ತರ, ಎರಡು ಮೊಳ ಅಗಲ ಇರಲಿ ಎಂದು ಬಡಗಿಗೆ ಹೇಳಿಕಳಿಸಿದ. ಕೆರೆಯ ಕೆಳಗೆ ಬಡಗಿಯ ಮಗಳ ಗದ್ದೆ ಇತ್ತು. ಹೊನ್ನೆ ಮರ ತಂದು ಮುತುವರ್ಜಿಯಿಂದ ಬಾಗಿಲು ಮಾಡಿದ. ಇಳಿಸಿ ನೋಡಿದರೆ ಮೂರು ಬೆರಳು ಗಿಡ್ಡ, ಎರಡು ಬೆರಳು ಕಿರಿದು. ಸರಿಮಾಡುವಷ್ಟರಲ್ಲಿ ಮಳೆ ಬಂತು. ಕೆರೆಗೆ ಬಂದ ನೀರೆಲ್ಲ ಆ ಸಂದಿಯಲ್ಲೇ ಹರಿದುಹೋಯಿತು.

"ನಿನ್ನ ಕಲ್ಲೇ ತಪ್ಪು ಕಣಯ್ಯ. ಈ ಕೋಲು ನಮ್ಮಪ್ಪ ಕೊಟ್ಟಿದ್ದು" ಎಂದ ಬಡಗಿ.

"ನನ್ನದೇನು ಬೀದಿಯಲ್ಲಿ ಸಿಕ್ಕಿದ್ದಾ? ಇದೂ ನಮ್ಮಪ್ಪ ಕೊಟ್ಟಿದ್ದೇ" ಎಂದ ಕಲ್ಲುಕುಟಿಗ.

ಎರಡು ಕೋಲನ್ನೂ ಜೋಡಿಸಿ ಹಿಡಿದರು. ಕಲ್ಲುಕುಟಿಗನದು ಒಂದು ಬೆರಳು ಉದ್ದ. ಅವನ ಅಪ್ಪ ಎತ್ತರದ ಆಳು, ಅಷ್ಟೆ. ಇಬ್ಬರಲ್ಲಿ ಒಬ್ಬ ಸುಳ್ಳು ಹೇಳಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಇಬ್ಬರೂ ನಿಜವನ್ನೇ ಹೇಳಿದ್ದರು, ನೀರು ಮಾತ್ರ ಹೋಗಿತ್ತು. ಇನ್ನೊಂದು ಮಳೆ ಹೀಗೇ ಹೋದರೆ ಬಡಗಿಯ ಮಗಳು ಈ ವರ್ಷ ನಾಟಿ ಮಾಡುವ ಹಾಗಿರಲಿಲ್ಲ.

ಮರುದಿನ ಬಡಗಿ ಪೇಟೆಗೆ ನಡೆದುಹೋಗಿ ಮೀಟರು ಕೋಲು ಎರಡು ತಂದ. ಒಂದನ್ನು ಕಲ್ಲುಕುಟಿಗನ ಪಕ್ಕದಲ್ಲಿಟ್ಟ. ಇನ್ನೊಂದರಿಂದ ತಾನೇ ತೂಬಿಗಿಳಿದು ಅಳೆದ. ಮತ್ತೆ ಮರ ಕೊಯ್ದ. ಉಣ್ಣಲು ಕರೆದರೂ ಏಳಲಿಲ್ಲ. ಮುಂದಿನ ಮೋಡ ಕಟ್ಟುವ ಹೊತ್ತಿಗೆ ಹೊಸ ಬಾಗಿಲು ಇಳಿಯಿತು. ಒಂದು ಹನಿಯೂ ಸೋರಲಿಲ್ಲ.

ಕಲ್ಲುಕುಟಿಗ ಬಾಗಿಲಿನ ಹಿಡಿಯನ್ನೇ ನೋಡುತ್ತ ನಿಂತ. "ಇದು ನಿಮ್ಮಪ್ಪನ ಕೋಲಲ್ಲವೇನಯ್ಯ?"

"ಹೌದು. ಮನೆಯಲ್ಲಿದ್ದರೆ ನನ್ನ ಕೈ ಅದಕ್ಕೇ ಹೋಗುತ್ತದೆ. ಇಲ್ಲಿದ್ದರೆ ನೀರು ಬಿಡುವವರಿಗಾದರೂ ಉಪಯೋಗಕ್ಕೆ ಬರುತ್ತದೆ."

ಕಲ್ಲುಕುಟಿಗ ಅಷ್ಟು ದಿನ ಮುಟ್ಟದೆ ಬಿಟ್ಟಿದ್ದ ಮೀಟರು ಕೋಲನ್ನು ಎತ್ತಿಕೊಂಡು ಕೆಲಸಕ್ಕೆ ಹೋದ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ಬಹಳ ಸಂತೋಷವಾಯಿತು. "ಎಂಥ ಒಳ್ಳೆಯ ಕತೆ ಗುರುಗಳೇ. ನಾಳೆಯಿಂದ ಪ್ರತಿ ಊರಿನಲ್ಲೂ ಇದನ್ನೇ ಹೇಳುತ್ತೇನೆ" ಎಂದು ಎದ್ದು ನಿಂತ.

"ಹೇಳುವೆಯಂತೆ, ಹೊರಡುವ ಮೊದಲು ಉಗ್ರಾಣದಲ್ಲಿರುವ ಆ ಬಳ್ಳವನ್ನು ತಂದು ನನ್ನ ಕೈಗೆ ಕೊಡು" ಎಂದರು ಗುರುಗಳು.

ಮರುಳಯ್ಯ ನಿಂತಲ್ಲೇ ತಲೆ ತಗ್ಗಿಸಿದ.